ರಕ್ತದ ಹರಿವಿನ ಎಂಆರ್‌ಐ: ಲೆಕ್ಕ ತಾಳೆಯಾಗದಿದ್ದಾಗ ತಪ್ಪು ಹುಡುಕುವ ಕ್ರಮ

ಎಂಆರ್‌ಐಯಲ್ಲಿ ರಕ್ತದ ಹರಿವು ಅಳೆಯುವಾಗ ತಪ್ಪು ಅಳತೆಯೂ ಸರಿಯಾದ ಅಳತೆಯಷ್ಟೇ ಚೊಕ್ಕಟವಾಗಿ ಕಾಣುತ್ತದೆ. ಗ್ರಾಫ್ ನಯವಾಗಿರುತ್ತದೆ, ಬಣ್ಣದ ಹರಿವಿನ ಗೆರೆಗಳು ಕಣ್ಣಿಗೆ ಹಿತವಾಗಿರುತ್ತವೆ, ಸಂಖ್ಯೆ ದಶಾಂಶದ ಸಮೇತ ಮುದ್ರಣವಾಗಿರುತ್ತದೆ. ಆದರೂ ಆ ಸಂಖ್ಯೆ ಶೇ. 20ರಷ್ಟು ಆಚೀಚೆ ಇರಬಹುದು. ಕವಾಟದ ಸೋರಿಕೆ ಎಷ್ಟು, ಹೃದಯದ ಗೋಡೆಯಲ್ಲಿ ರಂಧ್ರವಿದೆಯೇ ಎಂಬ ತೀರ್ಮಾನಗಳು ಇದೇ ಸಂಖ್ಯೆಯ ಮೇಲೆ ನಿಲ್ಲುವುದರಿಂದ, ಅನುಮಾನ ಬಂದಾಗ ಎಲ್ಲಿಂದ ಹುಡುಕಬೇಕು ಎಂಬುದು ಸ್ಕ್ಯಾನ್ ಮಾಡುವವರಿಗೂ ವರದಿ ಬರೆಯುವವರಿಗೂ ಗೊತ್ತಿರಲೇಬೇಕು.

ಅಳತೆಯ ತತ್ವವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಎದುರುಬದುರು ಚಿಹ್ನೆಯ ಎರಡು ಗ್ರೇಡಿಯಂಟ್ (ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರ) ತುಡಿತಗಳನ್ನು ಒಂದರ ಹಿಂದೆ ಒಂದು ಕೊಟ್ಟರೆ, ನಿಂತ ಅಂಗಾಂಶದ ಮೇಲೆ ಅವುಗಳ ಪರಿಣಾಮ ಪರಸ್ಪರ ಅಳಿಸಿಹೋಗುತ್ತದೆ. ಚಲಿಸುವ ರಕ್ತದ ಸಿಗ್ನಲ್‌ನಲ್ಲಿ ಮಾತ್ರ ವೇಗಕ್ಕೆ ತಕ್ಕಷ್ಟು ಫೇಸ್ ಕೋನ (ಸಿಗ್ನಲ್ ಎಷ್ಟು ತಿರುಗಿದೆ ಎಂಬುದು) ಉಳಿಯುತ್ತದೆ. ಪಾಲ್ ಮೋರನ್ 1982ರಲ್ಲಿ ಮುಂದಿಟ್ಟ ಈ ವಿಚಾರವೇ ಇಂದಿನ 2ಡಿ ಫೇಸ್ ಕಾಂಟ್ರಾಸ್ಟ್‌ಗೂ 4ಡಿ ಫ್ಲೋಗೂ ಅಡಿಪಾಯ (2ಡಿ ಒಂದು ಅಡ್ಡಕೊಯ್ತದಲ್ಲಿ ಅಳೆಯುತ್ತದೆ, 4ಡಿ ಇಡೀ ಘನಭಾಗದಲ್ಲಿ ಮೂರೂ ದಿಕ್ಕಿನ ವೇಗವನ್ನು ಬಡಿತದುದ್ದಕ್ಕೂ ಅಳೆಯುತ್ತದೆ). ಯಾವ ವೇಗಕ್ಕೆ ಫೇಸ್ ಸರಿಯಾಗಿ 180 ಡಿಗ್ರಿ ತಿರುಗಬೇಕೆಂದು ನಾವು ನಿಗದಿಪಡಿಸುತ್ತೇವೋ ಅದೇ ವೆಂಕ್. ಅಂದರೆ ಯಂತ್ರ ಅಳೆಯುವುದು ಕೋನವನ್ನು, ವೇಗವನ್ನಲ್ಲ. ಆ ಕೋನಕ್ಕೆ ರಕ್ತದ ಹೊರತಾಗಿ ಬೇರೆ ಏನೇ ಸೇರಿಕೊಂಡರೂ ಅದೂ ವೇಗವೆಂದೇ ಲೆಕ್ಕಕ್ಕೆ ಬರುತ್ತದೆ.

ಮತ್ತೆ ಸ್ಕ್ಯಾನ್ ಮಾಡುವ ಮುನ್ನ, ಕುಳಿತಲ್ಲೇ ಐದು ನಿಮಿಷ

ಖರ್ಚಿಲ್ಲದ ಪರೀಕ್ಷೆ ಎಂದರೆ ದ್ರವ್ಯ ಸಂರಕ್ಷಣೆ. ಶ್ವಾಸಕೋಶದ ಮುಖ್ಯ ಅಪಧಮನಿಯಲ್ಲಿ ಹೋದದ್ದು ಅದರ ಬಲ ಮತ್ತು ಎಡ ಕವಲುಗಳಲ್ಲಿ ಹೋದದ್ದರ ಮೊತ್ತಕ್ಕೆ ಸಮನಾಗಬೇಕು. ಹೃದಯದೊಳಗೆ ರಂಧ್ರವಾಗಲಿ ಕವಾಟದ ಸೋರಿಕೆಯಾಗಲಿ ಇಲ್ಲದವರಲ್ಲಿ ಮಹಾಪಧಮನಿಯ ನಿವ್ವಳ ಹರಿವು, ಸಿನೆ (ಬಡಿಯುವ ಹೃದಯದ ಚಲಿಸುವ) ಚಿತ್ರಗಳಿಂದ ತೆಗೆದ ಎಡ ಹೃತ್ಕುಕ್ಷಿಯ ಸ್ಟ್ರೋಕ್ ಪ್ರಮಾಣಕ್ಕೆ, ಅಂದರೆ ಒಂದು ಬಡಿತಕ್ಕೆ ಅದು ಹೊರಹಾಕುವ ರಕ್ತಕ್ಕೆ, ಹತ್ತಿರವಿರಬೇಕು. ಮೊತ್ತಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಬಂದರೆ ವರದಿಯನ್ನು ಅಲ್ಲಿಗೇ ನಿಲ್ಲಿಸಿ, ಮುಂದೆ ಹೇಳಿರುವ ಲಕ್ಷಣಗಳಲ್ಲಿ ಯಾವುದು ಕಾಣುತ್ತಿದೆ ಎಂದು ಹುಡುಕಿ. ಅಂತರ ಚಿಕ್ಕದಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದೂ ಅಲ್ಲ. ಮೂರೂ ನಾಳಗಳಲ್ಲಿ ಒಂದೇ ಅನುಪಾತದ ತಪ್ಪಿದ್ದರೆ ಮೊತ್ತ ತಾಳೆಯಾಗಿಯೇ ಕಾಣುತ್ತದೆ.

ಇನ್ನೂ ಎರಡು ಸಂಗತಿ ನೋಡಿ. ಒಂದು, ಫೇಸ್ ಚಿತ್ರವನ್ನು ಗ್ರಾಫ್‌ನಿಂದಲ್ಲ, ಫ್ರೇಮ್ ಫ್ರೇಮ್ ಆಗಿ ಕಣ್ಣಿನಿಂದ ನೋಡಿ (ಇದರಲ್ಲಿ ಮುಂದಕ್ಕೆ ಹರಿವು ಬಿಳಿ, ಹಿಂದಕ್ಕೆ ಹರಿವು ಕಪ್ಪು, ನಿಂತದ್ದು ಬೂದು). ಎರಡು, ನಾಳದ ಸುತ್ತ ಎಳೆದ ಗೆರೆ ಪ್ರತಿ ಫ್ರೇಮ್‌ನಲ್ಲೂ ನಾಳದ ಜೊತೆಗೇ ಸರಿಯುತ್ತಿದೆಯೇ ಪರೀಕ್ಷಿಸಿ. ಗೆರೆ ಜಾರಿ ಶ್ವಾಸಕೋಶದ ಗಾಳಿಯನ್ನು ಸೇರಿಸಿಕೊಂಡರೆ ಅಪಾಯ. ಗಾಳಿಯಲ್ಲಿ ಸಿಗ್ನಲ್ ಇಲ್ಲ, ಆದ್ದರಿಂದ ಅಲ್ಲಿನ ಫೇಸ್ ಬಾಯಿಗೆ ಬಂದ ಸಂಖ್ಯೆ ಹೇಳಿದ ಹಾಗೆ. ಒಂದೊಂದು ಪಿಕ್ಸೆಲ್ ಋಣ ವೆಂಕ್‌ನಿಂದ ಧನ ವೆಂಕ್‌ವರೆಗೆ ಎಲ್ಲಿ ಬೇಕಾದರೂ ಇರುತ್ತದೆ. ಅನೇಕ ಬಾರಿ ಇಡೀ ದೂರು ಈ ಗೆರೆಯನ್ನು ತಿದ್ದಿದಲ್ಲಿಗೆ ಮುಗಿದುಹೋಗುತ್ತದೆ.

ಬಿಳಿ ಹರಿವಿನ ನಟ್ಟನಡುವೆ ಕಪ್ಪು ಮಚ್ಚೆ

ಹೃದಯ ಸಂಕುಚಿಸುವ ಹೊತ್ತಿನ ಫ್ರೇಮ್‌ಗಳಲ್ಲಿ ನಾಳದ ಅಂಚು ಬಿಳಿ, ಮಧ್ಯ ಥಟ್ಟನೆ ಕಪ್ಪು, ನಡುವೆ ಬೂದು ಬಣ್ಣದ ಹಂತವೇ ಇಲ್ಲ. ವೇಗ ವೆಂಕ್ ದಾಟಿದೆ ಎಂದರ್ಥ. ಇದನ್ನು ಏಲಿಯಾಸಿಂಗ್ ಎನ್ನುತ್ತಾರೆ. ವೆಂಕ್ ಸೆಕೆಂಡಿಗೆ 150 ಸೆಂ.ಮೀ. ಇದ್ದು ರಕ್ತ 180 ಸೆಂ.ಮೀ. ವೇಗದಲ್ಲಿ ಹರಿದರೆ, ಕೋನ 180 ಡಿಗ್ರಿ ದಾಟಿ ಇನ್ನೊಂದು ಕಡೆಯಿಂದ ಬರುತ್ತದೆ. ಯಂತ್ರ ಅದನ್ನು ಹಿಂದಕ್ಕೆ 120 ಸೆಂ.ಮೀ. ವೇಗ ಎಂದು ದಾಖಲಿಸುತ್ತದೆ (180ರಿಂದ 300 ಕಳೆದರೆ ಋಣ 120). ಗ್ರಾಫ್‌ನಲ್ಲಿ ಇದು ಶಿಖರದ ತಲೆಯಲ್ಲಿ ಒಂದು ತಗ್ಗಾಗಿ ಕಾಣುತ್ತದೆ.

ಮಚ್ಚೆ ಚಿಕ್ಕದಿದ್ದು, ಸುತ್ತಲೂ ಸರಿಯಾದ ಪಿಕ್ಸೆಲ್‌ಗಳ ಉಂಗುರವಿದ್ದರೆ ಮತ್ತೆ ಸ್ಕ್ಯಾನ್ ಬೇಕಿಲ್ಲ. ತಂತ್ರಾಂಶದಲ್ಲಿ ಆ ಪಿಕ್ಸೆಲ್‌ಗಳಿಗೆ ವೆಂಕ್‌ನ ಎರಡರಷ್ಟನ್ನು ಕೂಡಿಸಿದರೆ ಸರಿಯಾಗುತ್ತದೆ. ತಿದ್ದಿದ ಮೇಲೆ ಅಂಚಿನಿಂದ ಮಧ್ಯದವರೆಗೆ ಬಣ್ಣ ಮೆಲ್ಲಗೆ ಏರಬೇಕು. ಎಲ್ಲಾದರೂ ಹಾರಿದರೆ ತಿದ್ದುಪಡಿ ಪೂರ್ತಿಯಾಗಿಲ್ಲ. ಕಿರಿದಾದ ಕವಾಟದಿಂದ ಚಿಮ್ಮುವ ಜೆಟ್‌ಗಳಲ್ಲಿ ಇದಕ್ಕಿಂತ ಕೆಟ್ಟದ್ದೊಂದಿದೆ. ಅದೇ 150ರ ವೆಂಕ್‌ನಲ್ಲಿ ನಿಜ ವೇಗ 310 ಇದ್ದರೆ ಅದು 10 ಎಂದು ಕಾಣುತ್ತದೆ, ಮತ್ತು ಚಿತ್ರದ ಮಧ್ಯದಲ್ಲಿ ಸಭ್ಯವಾದ ಬೂದು ಬಣ್ಣವಿರುತ್ತದೆ. ಕಪ್ಪು ಮಚ್ಚೆ ಹುಡುಕುವ ಕಣ್ಣಿಗೆ ಇದು ಸಿಕ್ಕುವುದಿಲ್ಲ. ಆದ್ದರಿಂದ ಜೆಟ್ ಇದೆಯೆಂದು ಗೊತ್ತಿದ್ದಲ್ಲಿ ವೆಂಕ್ ಏರಿಸಿ ಮತ್ತೆ ತೆಗೆಯುವುದೇ ಒಳ್ಳೆಯದು.

ಸಾಮಾನ್ಯ ಮಹಾಪಧಮನಿಗೆ 150, ದೊಡ್ಡ ಅಭಿಧಮನಿಗಳಿಗೆ 50ರಿಂದ 80, ಕಿರಿದಾದ ಕವಾಟಕ್ಕೆ 250ರಿಂದ 500 ಎಂದು ಶುರು ಮಾಡಬಹುದು. ನಿರೀಕ್ಷಿತ ಗರಿಷ್ಠ ವೇಗಕ್ಕಿಂತ ಶೇ. 10ರಷ್ಟು ಮೇಲೆ ವೆಂಕ್ ಇಡುವುದು ರೂಢಿ. ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿ ಕೈಯಲ್ಲಿದ್ದರೆ ಅಲ್ಲಿನ ಗರಿಷ್ಠ ವೇಗ ನೋಡಿ ನಿರ್ಧರಿಸಿ. ಇಲ್ಲದಿದ್ದರೆ ಹಲವು ವೆಂಕ್‌ಗಳಲ್ಲಿ ಬೇಗ ಬೇಗ ಒಂದೊಂದು ಚಿತ್ರ ತೆಗೆಯುವ ವೆಂಕ್ ಸ್ಕೌಟ್ ಅನ್ನು ಮೊದಲು ಓಡಿಸಿ.

ಫೇಸ್ ಚಿತ್ರವೆಲ್ಲ ರವೆ ಚೆಲ್ಲಿದ ಹಾಗೆ

ಇದು ಹಿಂದಿನ ತಪ್ಪಿನ ಇನ್ನೊಂದು ಮಗ್ಗುಲು. ಏಲಿಯಾಸಿಂಗ್‌ಗೆ ಹೆದರಿ ವೆಂಕ್ ಅನ್ನು 400ಕ್ಕೆ ಇಟ್ಟು ನಿಧಾನದ ರಕ್ತ ಅಳೆಯಲು ಹೋದಾಗ ಹೀಗಾಗುತ್ತದೆ. ವೇಗದಲ್ಲಿನ ಗದ್ದಲ ವೆಂಕ್‌ಗೆ ನೇರ ಅನುಪಾತದಲ್ಲಿ ಏರುತ್ತದೆ, ಸಿಗ್ನಲ್ ಗುಣಮಟ್ಟಕ್ಕೆ ವಿಲೋಮವಾಗಿ ಇಳಿಯುತ್ತದೆ. ಲೆಕ್ಕಕ್ಕೆ: ವೆಂಕ್ ಅನ್ನು 0.45ರಿಂದ ಗುಣಿಸಿ, ಸಿಗ್ನಲ್ ಮತ್ತು ಗದ್ದಲದ ಅನುಪಾತದಿಂದ ಭಾಗಿಸಿ. ಅನುಪಾತ 20 ಇದ್ದಾಗ ವೆಂಕ್ 150ರಲ್ಲಿ ಪ್ರತಿ ಪಿಕ್ಸೆಲ್‌ನ ಗದ್ದಲ ಸೆಕೆಂಡಿಗೆ ಸುಮಾರು 3.4 ಸೆಂ.ಮೀ., ವೆಂಕ್ 400ರಲ್ಲಿ 9 ಸೆಂ.ಮೀ. ಅಭಿಧಮನಿಯಲ್ಲಿ ರಕ್ತದ ವೇಗವೇ 15 ಸೆಂ.ಮೀ. ಇದ್ದರೆ ಅಲ್ಲಿ ಏನು ಉಳಿಯಿತು?

ಮೊದಲು ಕಾಯಿಲ್ (ಸಿಗ್ನಲ್ ಹಿಡಿಯುವ ಸುರುಳಿ) ಎದೆಯ ಮೇಲೆ ಸರಿಯಾಗಿ ಕೂತಿದೆಯೇ, ಅದರ ಎಲ್ಲ ಅಂಶಗಳೂ ಆಯ್ಕೆಯಾಗಿವೆಯೇ ನೋಡಿ. ಆಮೇಲೆ ವೆಂಕ್ ಇಳಿಸಿ. ಆಮೇಲೆ ಸ್ವಲ್ಪ ಡೇಟಾ ಬಿಟ್ಟು ಸ್ಕ್ಯಾನ್ ಬೇಗ ಮುಗಿಸುವ ವೇಗವರ್ಧನೆಯ ಅಂಶ ಕಡಿಮೆ ಮಾಡಿ. 4ಡಿ ಫ್ಲೋ ಅನ್ನು ಗ್ಯಾಡೋಲಿನಿಯಂ (ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ) ಕೊಟ್ಟ ಮೇಲೆ ತೆಗೆದರೆ ಗದ್ದಲ ಸ್ಪಷ್ಟವಾಗಿ ತಗ್ಗುತ್ತದೆ. ಆದರೆ ಬೇರೆ ಕಾರಣಕ್ಕೆ ಔಷಧಿ ಹೇಗೂ ಕೊಡಬೇಕಾದ ರೋಗಿಯಲ್ಲಿ ಮಾತ್ರ ಈ ಅನುಕೂಲ ಪಡೆಯಿರಿ. ಚಿತ್ರ ಚಂದವಾಗಲೆಂದು ಮಾತ್ರ ಚುಚ್ಚುವುದು ಸಲ್ಲ.

ಗೋಡೆ, ಬೆನ್ನಿನ ಸ್ನಾಯು ಎಲ್ಲವೂ "ಹರಿಯುತ್ತಿವೆ"

ಅತಿ ಹೆಚ್ಚು ಹಾನಿ ಮಾಡುವ, ಅತಿ ಕಡಿಮೆ ಜನ ಗಮನಿಸುವ ದೋಷ ಇದೇ. ಎದೆಗೂಡಿನ ಸ್ನಾಯುವಿನ ಮೇಲೆ ಒಂದು ವೃತ್ತ ಇಟ್ಟು ಸರಾಸರಿ ವೇಗ ನೋಡಿ. ಸ್ನಾಯು ಎಲ್ಲಿಗೂ ಹೋಗುತ್ತಿಲ್ಲ, ಆದ್ದರಿಂದ ಸೊನ್ನೆ ಬರಬೇಕು. 1 ಅಥವಾ ಋಣ 1.5 ಬಂದರೆ ಫೇಸ್ ಚಿತ್ರದ ಹಿನ್ನೆಲೆಯೇ ಓರೆಯಾಗಿದೆ.

ಸೆಕೆಂಡಿಗೆ ಒಂದು ಸೆಂಟಿಮೀಟರ್ ಯಾವ ಮಹಾ ತಪ್ಪು ಎನಿಸುವುದು ಸಹಜ. ಲೆಕ್ಕ ಹಾಕಿ. 3 ಸೆಂ.ಮೀ. ವ್ಯಾಸದ ಮಹಾಪಧಮನಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 7 ಚದರ ಸೆಂ.ಮೀ. ಅಲ್ಲಿ ಸೆಕೆಂಡಿಗೆ 0.6 ಸೆಂ.ಮೀ.ನ ಹಿನ್ನೆಲೆ ತಪ್ಪಿದ್ದರೆ ಸೆಕೆಂಡಿಗೆ 4.2 ಮಿ.ಲೀ. ಸುಳ್ಳು ಹರಿವು. ನಿಮಿಷಕ್ಕೆ ಕಾಲು ಲೀಟರ್, ಅಂದರೆ 5 ಲೀಟರ್ ಹೃದಯೋತ್ಪಾದನೆಯ ಶೇ. 5. ಶಿಖರದ ವೇಗವಾದರೋ ನೂರರ ಮೇಲಿದೆ, ಅದರಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಹೃದಯದ ಒಂದು ಬಡಿತದುದ್ದಕ್ಕೂ, ರಕ್ತ ಹೆಚ್ಚುಕಡಿಮೆ ನಿಂತಿರುವ ವಿಶ್ರಾಂತಿಯ ಹೊತ್ತಿನಲ್ಲೂ ಇದು ಹನಿ ಹನಿಯಾಗಿ ಸೇರುತ್ತಲೇ ಇರುತ್ತದೆ. ಹಿಗ್ಗಿದ ನಾಳದಲ್ಲಿ ಇನ್ನೂ ಕಷ್ಟ: ವ್ಯಾಸ 4.5 ಸೆಂ.ಮೀ. ಇದ್ದರೆ, ನಿಮಿಷಕ್ಕೆ 60 ಬಡಿತದಲ್ಲಿ, ಅದೇ 0.6ರಿಂದ ಪ್ರತಿ ಬಡಿತಕ್ಕೆ 9.5 ಮಿ.ಲೀ. ತಪ್ಪು. ಕವಾಟದ ಸೋರಿಕೆ ನಿಜವಾಗಿ 20 ಮಿ.ಲೀ. ಇದ್ದರೆ ವರದಿಯಲ್ಲಿ 10 ಎಂದೂ ಬರಬಹುದು, 30 ಎಂದೂ ಬರಬಹುದು.

ಇಲ್ಲದ ರಂಧ್ರವನ್ನು ಸೃಷ್ಟಿಸುವುದೂ ಇದೇ. ಮಹಾಪಧಮನಿ, ಶ್ವಾಸಕೋಶದ ಮುಖ್ಯ ಅಪಧಮನಿ ಎರಡೂ 3 ಸೆಂ.ಮೀ. ಇದ್ದು, ಅದೇ 60 ಬಡಿತದಲ್ಲಿ ಎರಡರಲ್ಲೂ ನಿಜ ಹರಿವು ಬಡಿತಕ್ಕೆ 80 ಮಿ.ಲೀ. ಇರಲಿ. ಶ್ವಾಸಕೋಶದ ಅಪಧಮನಿಯ ಹಿನ್ನೆಲೆ ತಪ್ಪು ಧನ 1.2, ಮಹಾಪಧಮನಿಯದು ಋಣ 1.2 ಆದರೆ ಅಳತೆ 88.5 ಮತ್ತು 71.5 ಬರುತ್ತದೆ. ಅನುಪಾತ 1.24. ಆರೋಗ್ಯವಂತ ಹೃದಯದಲ್ಲಿ ಎಡದಿಂದ ಬಲಕ್ಕೆ ಸೋರಿಕೆ ಇದೆ ಎಂದು ಬರೆಯಲು ಇಷ್ಟು ಸಾಕು.

ಕಾರಣ ಮುಖ್ಯವಾಗಿ ಮೂರು. ಗ್ರೇಡಿಯಂಟ್ ಥಟ್ಟನೆ ಏರಿಳಿದಾಗ ಯಂತ್ರದ ಲೋಹದ ಭಾಗಗಳಲ್ಲಿ ಹುಟ್ಟುವ ಸುಳಿ ವಿದ್ಯುತ್, ಗ್ರೇಡಿಯಂಟ್ ಜೊತೆಗೇ ಅನಿವಾರ್ಯವಾಗಿ ಬರುವ ಮ್ಯಾಕ್ಸ್‌ವೆಲ್ ಕ್ಷೇತ್ರಗಳು, ಮತ್ತು ಕೇಂದ್ರದಿಂದ ದೂರ ಹೋದಂತೆ ಗ್ರೇಡಿಯಂಟ್ ಸರಳರೇಖೆ ಬಿಟ್ಟು ಬಾಗುವುದು. ಮ್ಯಾಕ್ಸ್‌ವೆಲ್ ಭಾಗವನ್ನು ಸೂತ್ರದಿಂದಲೇ ಲೆಕ್ಕ ಹಾಕಬಹುದಾದ್ದರಿಂದ ಯಂತ್ರಗಳು ಸಾಮಾನ್ಯವಾಗಿ ತಾವೇ ತಿದ್ದಿಕೊಳ್ಳುತ್ತವೆ. ಬಾಗುವಿಕೆಯನ್ನೂ ಗ್ರೇಡಿಯಂಟ್ ಕಾಯಿಲ್‌ನ ವಿನ್ಯಾಸದಿಂದ ಲೆಕ್ಕ ಹಾಕಬಹುದು. ಸುಳಿ ವಿದ್ಯುತ್ ಮಾತ್ರ ಸ್ಲೈಸ್‌ನ (ಚಿತ್ರ ತೆಗೆಯುವ ತೆಳು ಪದರದ) ಓರೆ, ವೆಂಕ್, ಸಮಯ ಎಲ್ಲದರ ಜೊತೆ ಬದಲಾಗುತ್ತದೆ, ಅದೇ ತಲೆನೋವು.

ಸುಲಭದಿಂದ ಶುರು ಮಾಡಿ. ನಾಳವನ್ನು ಯಂತ್ರದ ಕೇಂದ್ರಕ್ಕೆ ತನ್ನಿ. ಮೇಜು ಸರಿಸಿದರೆ ತಲೆ ಮತ್ತು ಪಾದದ ದಿಕ್ಕಿನ ಅಂತರ ಇಲ್ಲವಾಗುತ್ತದೆ, ಇದಕ್ಕೆ ಒಂದು ನಿಮಿಷವೂ ಬೇಡ. ನಂತರ ಚಿತ್ರಕ್ಷೇತ್ರ ದೊಡ್ಡದು ಮಾಡಿ, ತೋಳುಗಳು ಎದುರು ಬದಿಯಲ್ಲಿ ಮಡಚಿ ಬೀಳದಂತೆ ನೋಡಿಕೊಳ್ಳಿ. ಮಡಚಿಕೊಂಡ ಅಂಗಾಂಶ ತನ್ನ ಮೂಲ ಜಾಗದ ಫೇಸ್ ಹೊತ್ತು ತರುತ್ತದೆ, ತಿದ್ದುಪಡಿಯನ್ನು ದಾರಿ ತಪ್ಪಿಸುತ್ತದೆ.

ಮುಂದಿನ ಹೆಜ್ಜೆ ಸ್ಥಿರ ಅಂಗಾಂಶದ ಮೇಲೆ ಮೇಲ್ಮೈ ಹೊಂದಿಸುವುದು. ಬಡಿತದುದ್ದಕ್ಕೂ ಫೇಸ್ ಹೆಚ್ಚು ಬದಲಾಗದ ಪಿಕ್ಸೆಲ್‌ಗಳನ್ನು ತಂತ್ರಾಂಶ ಆರಿಸಿ, ಅವುಗಳ ಮೇಲೆ ಒಂದು ಸಮತಲವನ್ನು ಹೊಂದಿಸಿ, ಚಿತ್ರದಿಂದ ಕಳೆಯುತ್ತದೆ. ಯಾವ ಪಿಕ್ಸೆಲ್‌ಗಳು ಆಯ್ಕೆಯಾಗಿವೆ ಎಂಬ ನಕ್ಷೆಯನ್ನು ತೆರೆದು ನೋಡದೆ ಗುಂಡಿ ಒತ್ತಬೇಡಿ. ಶ್ವಾಸಕೋಶ, ಮಡಚಿದ ಭಾಗ, ನಿಧಾನದ ಅಭಿಧಮನಿ ಅದರಲ್ಲಿ ಸೇರಿರಬಾರದು. ಒಂದನೇ ಘಾತದ ಸಮತಲದಿಂದ ಶುರು ಮಾಡಿ. ಎರಡು ಮೂರನೇ ಘಾತದ ಬಾಗು ಮೇಲ್ಮೈಗಳು ಎದೆಗೂಡಿನ ಅಂಚಿಗೆ ಚೆನ್ನಾಗಿ ಕೂತು, ಸ್ಥಿರ ಅಂಗಾಂಶವೇ ಇಲ್ಲದ ನಡುವಿನಲ್ಲಿ, ಅಂದರೆ ನಮಗೆ ಬೇಕಾದ ನಾಳದ ಮೇಲೆಯೇ, ಉಬ್ಬಿಬಿಡಬಹುದು. ತಿದ್ದುವ ಮೊದಲಿನ ಸಂಖ್ಯೆ, ತಿದ್ದಿದ ನಂತರದ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ. ಬದಲಾವಣೆ ದೊಡ್ಡದಿದ್ದರೆ ಅದೇ ಒಂದು ಎಚ್ಚರಿಕೆ.

ಇಷ್ಟಾದರೂ ನಂಬಿಕೆ ಬರದಿದ್ದರೆ ಫ್ಯಾಂಟಮ್. ರೋಗಿ ಇಳಿದ ಕೂಡಲೇ ಅದೇ ಜಾಗದಲ್ಲಿ ಜೆಲಾಟಿನ್ ಅಥವಾ ಅಗರ್ ತುಂಬಿದ ದೊಡ್ಡ ಡಬ್ಬವಿಟ್ಟು, ಕೃತಕ ಇಸಿಜಿಯನ್ನು ರೋಗಿಯ ಬಡಿತಕ್ಕೆ ಹೊಂದಿಸಿ, ಅದೇ ಸ್ಕ್ಯಾನ್ ಮತ್ತೆ ಓಡಿಸಿ. ಸ್ಲೈಸ್‌ನ ಜಾಗ, ಓರೆ, ವೆಂಕ್, ಟಿಇ (ರೇಡಿಯೊ ತುಡಿತದಿಂದ ಸಿಗ್ನಲ್ ಓದುವವರೆಗಿನ ಸಮಯ), ಟಿಆರ್ (ಒಂದು ರೇಡಿಯೊ ತುಡಿತದಿಂದ ಮುಂದಿನದರವರೆಗಿನ ಸಮಯ) ಯಾವುದನ್ನೂ ಮುಟ್ಟಬಾರದು. ಒಂದು ಅಂಕಿ ಬದಲಾದರೂ ಸುಳಿ ವಿದ್ಯುತ್ತಿನ ಮಾದರಿ ಬೇರೆಯಾಗಿ ಪರೀಕ್ಷೆ ವ್ಯರ್ಥ. ನೀರಿನ ಡಬ್ಬ ಬಳಸಿದರೆ ಎತ್ತಿಟ್ಟ ಮೇಲೆ ಒಳಗಿನ ನೀರು ಬಹಳ ಹೊತ್ತು ಸುತ್ತುತ್ತಲೇ ಇರುತ್ತದೆ, ಆ ಸುತ್ತಾಟವನ್ನೇ ಯಂತ್ರ ಹಿನ್ನೆಲೆ ತಪ್ಪೆಂದು ತೋರಿಸುತ್ತದೆ. ಜೆಲ್‌ನಲ್ಲಿ ಈ ಕಾಟವಿಲ್ಲ. ಉದ್ದದ ಸ್ಕ್ಯಾನ್‌ಗಳಲ್ಲಿ ಗ್ರೇಡಿಯಂಟ್ ಬಿಸಿಯೇರಿ ಹಿನ್ನೆಲೆ ನಿಧಾನವಾಗಿ ಸರಿಯುವುದೂ ಉಂಟು, ಹಾಗಾಗಿ ಫ್ಯಾಂಟಮ್ ಅನ್ನು ಮರುದಿನಕ್ಕೆ ಮುಂದೂಡಬೇಡಿ.

ನಾಳವಿರುವ ಜಾಗದಲ್ಲಿ ಫ್ಯಾಂಟಮ್ ತೋರಿಸಿದ ವೇಗವನ್ನು ರೋಗಿಯ ಅಳತೆಯಿಂದ ಪಿಕ್ಸೆಲ್‌ಗೆ ಪಿಕ್ಸೆಲ್ ಕಳೆಯಿರಿ. ಕೇಂದ್ರದಲ್ಲಿಟ್ಟ ಫ್ಯಾಂಟಮ್‌ನಲ್ಲೂ ತಪ್ಪು ಸದಾ ಸೆಕೆಂಡಿಗೆ 0.6 ಸೆಂ.ಮೀ. ಮೀರುತ್ತಿದ್ದರೆ ಅದು ಯಂತ್ರದ ಅಥವಾ ಪ್ರೋಟೊಕಾಲ್‌ನ ದೋಷ. ಅದು ಸೇವಾ ಎಂಜಿನಿಯರ್ ಕೆಲಸ.

ಗರಿಷ್ಠ ವೇಗ ಎಕೋಗಿಂತ ಕಡಿಮೆ

ಸ್ವಲ್ಪ ಕಡಿಮೆ ಬರುವುದು ದೋಷವೇ ಅಲ್ಲ. ಎಕೋದಲ್ಲಿ ವೇಗ ಅಳೆಯುವ ಡಾಪ್ಲರ್ ತನ್ನ ದಾರಿಯಲ್ಲಿ ಸಿಕ್ಕ ಅತಿ ವೇಗದ ಕಣವನ್ನು ಹಿಡಿಯುತ್ತದೆ. ಎಂಆರ್‌ಐ ಒಂದು ವಾಕ್ಸೆಲ್‌ನೊಳಗಿನ (ಚಿತ್ರದ ಅತಿ ಚಿಕ್ಕ ಘನ ತುಣುಕು) ಎಲ್ಲ ರಕ್ತದ ಸರಾಸರಿ ಹೇಳುತ್ತದೆ, ಅದೂ ಹಲವು ಬಡಿತಗಳ ಸರಾಸರಿ. ಆದರೆ ವ್ಯತ್ಯಾಸದ ಬೆಲೆ ಗೊತ್ತಿರಲಿ: ಒತ್ತಡದ ಅಂತರ ವೇಗದ ವರ್ಗದ ನಾಲ್ಕು ಪಟ್ಟು. ಸೆಕೆಂಡಿಗೆ 4 ಮೀಟರ್ ಇದ್ದರೆ 64 ಮಿ.ಮೀ. ಪಾದರಸ, 3.5 ಎಂದು ಅಳೆದರೆ 49. ವೇಗದಲ್ಲಿ ಎಂಟನೇ ಒಂದು ಭಾಗ ತಪ್ಪಿದ್ದಕ್ಕೆ ಒತ್ತಡದಲ್ಲಿ ಸುಮಾರು ಕಾಲು ಭಾಗ ಹೋಯಿತು.

2ಡಿಯಲ್ಲಿ ಮೊದಲು ಓರೆ ನೋಡಿ. ಸ್ಲೈಸ್ ನಾಳಕ್ಕೆ ಲಂಬವಾಗಿರಬೇಕು. 20 ಡಿಗ್ರಿ ತಪ್ಪಿದರೆ ವೇಗ ಶೇ. 6, 30 ಡಿಗ್ರಿ ತಪ್ಪಿದರೆ ಶೇ. 13 ಕಡಿಮೆಯಾಗುತ್ತದೆ. ಒಟ್ಟು ಹರಿವು ಮಾತ್ರ ಹೆಚ್ಚು ಕೆಡುವುದಿಲ್ಲ, ಏಕೆಂದರೆ ವೇಗ ಇಳಿದಷ್ಟೇ ಓರೆ ಕೊಯ್ತದ ವಿಸ್ತೀರ್ಣ ಏರುತ್ತದೆ. ಹರಿವು ಸರಿಯಿದ್ದು ಶಿಖರ ಮಾತ್ರ ತಗ್ಗಿದ್ದರೆ ಓರೆಯ ಮೇಲೆ ಅನುಮಾನಪಡಿ. ಎರಡು ಬೇರೆ ನೋಟಗಳಲ್ಲಿ ಸ್ಲೈಸ್ ಗೆರೆ ನಾಳಕ್ಕೆ ಅಡ್ಡ ಕೂತಿದೆಯೇ ನೋಡಿದರೆ ಸಾಕು.

ಆಮೇಲೆ ಸಮಯದ ಸೂಕ್ಷ್ಮತೆ. 2ಡಿಯಲ್ಲಿ ನಿಜವಾದ ಫ್ರೇಮ್ ಅವಧಿ ಎಂದರೆ ಟಿಆರ್ ಇಂಟು ಎರಡು ಇಂಟು ಒಂದು ಬಡಿತದಲ್ಲಿ ಪ್ರತಿ ಫ್ರೇಮ್‌ಗೆ ತೆಗೆವ ಡೇಟಾ ಗೆರೆಗಳು. ಟಿಆರ್ 5 ಮಿ.ಸೆ., ಗೆರೆ 3 ಆದರೆ 30 ಮಿ.ಸೆ. ಉಸಿರು ಹಿಡಿಯುವ ಹೊತ್ತು ಉಳಿಸಲು ಗೆರೆಯನ್ನು 6 ಮಾಡಿದರೆ 60 ಮಿ.ಸೆ., ಶಿಖರ ಬೋಳಾಗುತ್ತದೆ. ಪರದೆಯಲ್ಲಿ 30 ಫ್ರೇಮ್ ಎಂದು ತೋರಿಸಿದರೆ ಮೋಸಹೋಗಬೇಡಿ, ನಡುವಿನವನ್ನು ಯಂತ್ರ ಅಂದಾಜಿನಿಂದ ತುಂಬಿರುತ್ತದೆ. 4ಡಿಯಲ್ಲಿ ಎರಡರ ಬದಲು ನಾಲ್ಕರಿಂದ ಗುಣಿಸಿ. 40 ಮಿ.ಸೆ. ಒಳಗೆ ಇರಬೇಕೆಂದರೆ ಟಿಆರ್ 5ರಲ್ಲಿ ಎರಡೇ ಗೆರೆಗೆ ಅವಕಾಶ.

ಕೊನೆಗೆ ಪಿಕ್ಸೆಲ್ ಗಾತ್ರ. ನಾಳದ ವ್ಯಾಸದ ಅಡ್ಡಕ್ಕೆ ಕನಿಷ್ಠ ಐದಾರು ವಾಕ್ಸೆಲ್ ಬೇಕು. ಮಹಾಪಧಮನಿಗೆ 2.5 ಮಿ.ಮೀ. ಸಾಕು, 6 ಮಿ.ಮೀ. ನಾಳಕ್ಕೆ ಅದೇ ಅಳತೆ ಹಾಕಿದರೆ ಎರಡೂವರೆ ವಾಕ್ಸೆಲ್ ಮಾತ್ರ ಬೀಳುತ್ತವೆ, ಅರ್ಧಕ್ಕರ್ಧ ಗೋಡೆಯೇ. ಗೋಡೆಯ ಮೇಲಿನ ಉಜ್ಜು ಒತ್ತಡದ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮ. ರೆಸಲ್ಯೂಷನ್ ಬೇರೆಯಿರುವ ಎರಡು ಸ್ಕ್ಯಾನ್‌ಗಳ ಉಜ್ಜು ಒತ್ತಡವನ್ನು ಹೋಲಿಸಲೇಬೇಡಿ. ಕಂಪ್ರೆಸ್ಡ್ ಸೆನ್ಸಿಂಗ್ (ಕಡಿಮೆ ಡೇಟಾದಿಂದ ಚಿತ್ರ ಕಟ್ಟುವ ವಿಧಾನ) ಬಳಸುವಲ್ಲಿ ನಯಗೊಳಿಸುವಿಕೆ ಅತಿಯಾದರೂ ಶಿಖರ ಸವೆಯುತ್ತದೆ.

ಜೆಟ್ ಇರಬೇಕಾದಲ್ಲಿ ಕಪ್ಪು ಬಾಲ

ಫೇಸ್ ಚಿತ್ರದ ಪಕ್ಕದ, ಸಿಗ್ನಲ್ ಎಷ್ಟು ಬಲವಾಗಿದೆ ಎಂದು ತೋರಿಸುವ ಮ್ಯಾಗ್ನಿಟ್ಯೂಡ್ ಚಿತ್ರ ನೋಡಿ. ಕವಾಟದಿಂದ ಮುಂದಕ್ಕೆ ಕಪ್ಪು ಬಾಲ ಹೊರಟಿದ್ದರೆ, ಒಂದೇ ವಾಕ್ಸೆಲ್‌ನೊಳಗೆ ರಕ್ತ ದಿಕ್ಕಾಪಾಲಾಗಿ ಓಡುತ್ತಿದೆ, ಫೇಸ್‌ಗಳು ಒಂದನ್ನೊಂದು ಅಳಿಸಿವೆ. ಸಿಗ್ನಲ್ ಇಲ್ಲದಲ್ಲಿ ಫೇಸ್‌ಗೆ ಅರ್ಥವಿಲ್ಲ. ಅಲ್ಲಿ ಬಂದ ಸಂಖ್ಯೆಯನ್ನು ಯಾವ ತಂತ್ರಾಂಶವೂ ಉಳಿಸಿಕೊಡಲಾರದು.

ಅಗ್ಗದ ಪರಿಹಾರ ಎಂದರೆ ಜಾಗ ಬದಲಿಸುವುದು: ಒಟ್ಟು ಹರಿವು ಬೇಕಿದ್ದರೆ ಸ್ಲೈಸ್ ಅನ್ನು ಜೆಟ್ ಹುಟ್ಟುವ ಮೊದಲು, ಅಥವಾ ಅದು ಶಾಂತವಾದ ಮೇಲೆ ಇಡಿ. ಜೆಟ್‌ನಲ್ಲೇ ಅಳೆಯಬೇಕಿದ್ದರೆ ಟಿಇ ಸಾಧ್ಯವಾದಷ್ಟು ಇಳಿಸಿ. ವೆಂಕ್ ಏರಿಸಿದರೆ ಗ್ರೇಡಿಯಂಟ್ ತುಡಿತ ಚಿಕ್ಕದಾಗಿ ಟಿಇ ತಾನೇ ಇಳಿಯುತ್ತದೆ. ಇನ್ನೊಂದು ಕಾರಣಕ್ಕೂ ಕಡಿಮೆ ಟಿಇ ಬೇಕು. ಸೆಕೆಂಡಿಗೆ 4 ಮೀಟರ್ ವೇಗದ ರಕ್ತ ಒಂದು ಮಿಲಿಸೆಕೆಂಡಿನಲ್ಲಿ 4 ಮಿ.ಮೀ. ಸರಿಯುತ್ತದೆ. ವೇಗ ದಾಖಲಾಗುವ ಗಳಿಗೆಗೂ ಜಾಗ ದಾಖಲಾಗುವ ಗಳಿಗೆಗೂ 2 ಮಿ.ಸೆ. ಅಂತರವಿದ್ದರೆ ಜೆಟ್ 8 ಮಿ.ಮೀ. ಆಚೆ ಬರೆಯಲ್ಪಡುತ್ತದೆ. ಓರೆಯಾದ ಜೆಟ್ ನಾಳದ ಗೋಡೆ ದಾಟಿದಂತೆ ಕಂಡರೆ ಇದೇ ಕಾರಣವಿರಬಹುದು.

ಕಪ್ಪು ಬಾಲ ಲೋಹದ ಕವಾಟದ ಅಥವಾ ಸ್ಟೆಂಟ್‌ನ ಸುತ್ತ ಇದ್ದು, ಬಡಿತದ ಎಲ್ಲ ಫ್ರೇಮ್‌ಗಳಲ್ಲೂ ಒಂದೇ ಆಕಾರದಲ್ಲಿದ್ದರೆ ಅದು ರಕ್ತದ ಗೊಂದಲವಲ್ಲ, ಲೋಹದ ನೆರಳು. ಸ್ಲೈಸ್ ಅನ್ನು ಅದರಾಚೆ ಸರಿಸಿ.

ಗ್ರಾಫ್ ಅರ್ಧಕ್ಕೇ ನಿಂತಿದೆ, ಅಥವಾ ಒಂದು ಬಡಿತದಲ್ಲಿ ಎರಡು ಶಿಖರ

ಪರದೆಯ ಮೇಲಿನ ಆರ್-ಆರ್ ಅವಧಿಯನ್ನು (ಇಸಿಜಿಯಲ್ಲಿ ಒಂದು ಬಡಿತದ ಆರ್ ಶಿಖರದಿಂದ ಮುಂದಿನದರವರೆಗೆ) ಬೆರಳಿನ ಆಕ್ಸಿಮೀಟರ್ ಜೊತೆ ಹೋಲಿಸಿ. ಆಕ್ಸಿಮೀಟರ್ ನಿಮಿಷಕ್ಕೆ 75 ಎಂದರೆ ಅವಧಿ 800 ಮಿ.ಸೆ. ಇರಬೇಕು. ಯಂತ್ರ 400ರ ಆಸುಪಾಸು ತೋರಿಸಿದರೆ ಆರ್ ನಂತರ ಬರುವ ಟಿ ಅಲೆಯನ್ನೂ ಆರ್ ಎಂದು ಎಣಿಸುತ್ತಿದೆ. ಕಾಂತಕ್ಷೇತ್ರದಲ್ಲಿ ಹರಿಯುವ ರಕ್ತವೇ ವಿದ್ಯುತ್ ಹುಟ್ಟಿಸಿ ಟಿ ಅಲೆಯನ್ನು ಉಬ್ಬಿಸುತ್ತದೆ, 3 ಟೆಸ್ಲಾದಲ್ಲಿ ಇನ್ನೂ ಹೆಚ್ಚು. ಆ ಇಸಿಜಿಯನ್ನು ನೋಡಿ ರೋಗನಿರ್ಣಯ ಮಾಡಬೇಡಿ. ಚರ್ಮ ಒರೆಸಿ ಹೊಸ ಎಲೆಕ್ಟ್ರೋಡ್ ಹಚ್ಚಿ, ಹತ್ತಿರ ಹತ್ತಿರ ಇಡಿ, ವೆಕ್ಟರ್ ಇಸಿಜಿ ಇದ್ದರೆ ಅದಕ್ಕೆ ರೋಗಿಯ ಅಲೆಯನ್ನು ಮತ್ತೆ ಕಲಿಸಿ. ಆಗದಿದ್ದರೆ ಬೆರಳಿನ ನಾಡಿಯಿಂದ ಗೇಟಿಂಗ್ (ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಮಾಡಿ. ಆಗ ಗ್ರಾಫ್‌ನ ಶುರು ತಡವಾಗಿ ಸರಿದಿರುತ್ತದೆ, ಒಟ್ಟು ಹರಿವು ಕೆಡುವುದಿಲ್ಲ.

ಗ್ರಾಫ್‌ನ ಬಾಲ ಕತ್ತರಿಸಿದಂತಿದ್ದರೆ ಗೇಟಿಂಗ್ ಪ್ರೊಸ್ಪೆಕ್ಟಿವ್‌ನಲ್ಲಿದೆ, ಅಂದರೆ ಪ್ರತಿ ಆರ್‌ನಿಂದ ನಿಗದಿತ ಹೊತ್ತು ಮಾತ್ರ ಡೇಟಾ ತೆಗೆಯುತ್ತಿದೆ, ಬಡಿತದ ಕೊನೆಯ ಶೇ. 10ರಿಂದ 20 ಭಾಗ ಬಿಟ್ಟುಹೋಗಿದೆ. ಮಹಾಪಧಮನಿ ಕವಾಟದ ಸೋರಿಕೆ ನಡೆಯುವುದೇ ಈ ವಿಶ್ರಾಂತಿಯ ಹೊತ್ತಿನಲ್ಲಿ. ರೆಟ್ರೋಸ್ಪೆಕ್ಟಿವ್‌ಗೆ, ಅಂದರೆ ಸತತವಾಗಿ ತೆಗೆದು ನಂತರ ಬಡಿತಕ್ಕೆ ಹೊಂದಿಸುವ ಕ್ರಮಕ್ಕೆ, ಬದಲಿಸಿ. ಬಡಿತವೇ ತಾಳ ತಪ್ಪುವವರಲ್ಲಿ ಅಸಹಜ ಬಡಿತ ಕೈಬಿಡುವ ಆಯ್ಕೆ ಇಡಿ, ತೀರಾ ಅಸ್ತವ್ಯಸ್ತವಿದ್ದರೆ ರಿಯಲ್ ಟೈಮ್ ಫ್ಲೋ. ಉಸಿರು ಹಿಡಿದು ಅಳೆದದ್ದನ್ನೂ ಸಹಜ ಉಸಿರಾಟದಲ್ಲಿ ಅಳೆದದ್ದನ್ನೂ ಕೂಡಿ ಕಳೆಯಬೇಡಿ, ಉಸಿರು ಹಿಡಿದಾಗ ಹೃದಯಕ್ಕೆ ಮರಳುವ ರಕ್ತವೇ ಬದಲಾಗುತ್ತದೆ.

4ಡಿ ಫ್ಲೋದಲ್ಲಿ ಹರಿವಿನ ಗೆರೆಗಳು ಗೋಡೆ ತೂರಿ ಹೊರಗೆ

ಎಲ್ಲ ಗೆರೆಗಳೂ ಮಹಾಪಧಮನಿಯ ಕಮಾನಿನ ಗೋಡೆಗೆ ಡಿಕ್ಕಿ ಹೊಡೆದು ಸಾಯುತ್ತಿದ್ದರೆ, ಮೂರು ದಿಕ್ಕುಗಳಲ್ಲಿ ಒಂದರ ಚಿಹ್ನೆ ತಲೆಕೆಳಗಾಗಿದೆ, ಅಥವಾ ಎರಡು ದಿಕ್ಕು ಅದಲುಬದಲಾಗಿವೆ. ಡೇಟಾ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಇದು ನಡೆಯುತ್ತದೆ. ಮಹಾಪಧಮನಿಯೇ ದಿಕ್ಸೂಚಿ: ಏರುವ ಭಾಗದಲ್ಲಿ ರಕ್ತ ತಲೆಯ ಕಡೆಗೆ, ಇಳಿಯುವ ಭಾಗದಲ್ಲಿ ಪಾದದ ಕಡೆಗೆ, ಕಮಾನಿನಲ್ಲಿ ಹಿಂದಕ್ಕೆ ಮತ್ತು ಎಡಕ್ಕೆ ಹೋಗಬೇಕು. ಮೂರೂ ಅಕ್ಷಗಳನ್ನು ಹೀಗೆ ಒಂದೊಂದಾಗಿ ಪರಿಶೀಲಿಸಿ.

ದಿಕ್ಕು ಸರಿಯಿದ್ದೂ ಅನುಮಾನವಿದ್ದರೆ ಇಳಿಯುವ ಮಹಾಪಧಮನಿಯುದ್ದಕ್ಕೂ ಐದು ಅಡ್ಡ ತಲ ಇಟ್ಟು ಹರಿವು ಅಳೆಯಿರಿ. ಎದೆಯೊಳಗೆ ಅಲ್ಲಿ ಸಣ್ಣ ಕವಲುಗಳು ಮಾತ್ರ ಇರುವುದರಿಂದ ಐದೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೇಲಿನಿಂದ ಕೆಳಕ್ಕೆ ನಯವಾಗಿ ಏರುತ್ತಾ ಅಥವಾ ಇಳಿಯುತ್ತಾ ಹೋದರೆ ಹಿನ್ನೆಲೆ ತಪ್ಪು, ಗೊತ್ತುಗುರಿಯಿಲ್ಲದೆ ಹಾರಿದರೆ ಗದ್ದಲ.

ಎಲ್ಲವೂ ಒಂದೇ ಪಟ್ಟು ತಪ್ಪು

ಸರಿಯಾಗಿ ಹತ್ತು ಪಟ್ಟು ತಪ್ಪಿದ್ದರೆ ಮಿಲಿಮೀಟರ್ ಮತ್ತು ಸೆಂಟಿಮೀಟರ್ ಗೊಂದಲ. 1.33 ಪಟ್ಟು ಎಂದಾದರೆ 150ರ ವೆಂಕ್ ಅನ್ನು ತಂತ್ರಾಂಶ 200 ಎಂದು ಓದಿದೆ. 0ಯಿಂದ 4095ರವರೆಗೆ ಸಂಖ್ಯೆ ಉಳಿಸುವ ಫೇಸ್ ಚಿತ್ರದಲ್ಲಿ 2048 ಎಂದರೆ ಸೊನ್ನೆ ವೇಗ. ವೆಂಕ್ 150 ಇದ್ದಾಗ 3072 ಮೌಲ್ಯದ ಪಿಕ್ಸೆಲ್ 75 ತೋರಿಸಬೇಕು. ಒಂದು ಪಿಕ್ಸೆಲ್ ಆರಿಸಿ ಕೈಯಲ್ಲೇ ಲೆಕ್ಕ ಮಾಡಿ ನೋಡಿ.

ಇನ್ನೂ ಬಗೆಹರಿಯದಿದ್ದರೆ ನೀರು ಹರಿಸಿ ಅಳೆಯುವುದೇ ಕೊನೆಯ ನ್ಯಾಯ. ಕಾಯಿಲ್ ನಡುವೆ 2 ಸೆಂ.ಮೀ. ಒಳವ್ಯಾಸದ ನೇರ ಕೊಳವೆ, ಅದರ ಎರಡೂ ಬದಿ ಜೆಲ್ ಡಬ್ಬ, ಕೊಳವೆಯಲ್ಲಿ ಒಂದೂ ಗುಳ್ಳೆ ಇರಬಾರದು. ಪಂಪ್ ಕಾಂತದ ಕೋಣೆಯ ಹೊರಗೆ. ಹೊರಗೆ ಬಂದ ನೀರನ್ನು ಅಳತೆ ಜಾಡಿಯಲ್ಲಿ 60 ಸೆಕೆಂಡು ಹಿಡಿಯಿರಿ. 3 ಲೀಟರ್ ಸಿಕ್ಕಿದರೆ ಸೆಕೆಂಡಿಗೆ 50 ಮಿ.ಲೀ., ಸರಾಸರಿ ವೇಗ ಸುಮಾರು 16 ಸೆಂ.ಮೀ. ವೆಂಕ್ 50 ಇಟ್ಟು ಸ್ಕ್ಯಾನ್ ಮಾಡಿ, ಹೋಲಿಸಿ. ಜಾಡಿಗೂ ಯಂತ್ರಕ್ಕೂ ಶೇ. 5ರೊಳಗೆ ತಾಳೆಯಾಗಬೇಕು.

ಎಲ್ಲಿ ಕೈ ಬಿಡಬೇಕು

ರೋಗಿ ಮೇಜಿನ ಮೇಲಿರುವಾಗ ಒಂದೇ ಅಳತೆಯನ್ನು ಮೂರನೇ ಬಾರಿ ತೆಗೆಯುವ ಮುನ್ನ ನಿಲ್ಲಿಸಿ. ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತು ಎಂದರೆ ಅಳತೆ ಬದಿಗಿಟ್ಟು ಹೊರಗೆ ತನ್ನಿ, ವೈದ್ಯರನ್ನು ಕರೆಯಿರಿ. ಕಿರಿದಾದ ಕವಾಟದ ರೋಗಿಗಳಿಗೆ ದೀರ್ಘವಾಗಿ ಉಸಿರು ಹಿಡಿಸಬೇಡಿ. ಇಸಿಜಿ ತಂತಿ ಸುರುಳಿಯಾಗಿ ಚರ್ಮಕ್ಕೆ ತಾಗಿದರೆ ಸುಡುತ್ತದೆ. ನೇರವಾಗಿ, ಮೈಗೆ ತಾಗದಂತೆ ಎಳೆಯಿರಿ, ಎಂಆರ್‌ಐಗೆಂದೇ ಮಾಡಿದ ಎಲೆಕ್ಟ್ರೋಡ್ ಮಾತ್ರ ಬಳಸಿ. ಕಡಿಮೆ ವೆಂಕ್‌ನಲ್ಲಿ ಗ್ರೇಡಿಯಂಟ್ ಜೋರಾಗಿ ಬಡಿಯುವುದರಿಂದ ಸ್ನಾಯು ಅದುರಿದಂತಾಗಬಹುದು, ಮೊದಲೇ ತಿಳಿಸಿ. ಮೂತ್ರಪಿಂಡದ ಜಿಎಫ್‌ಆರ್ (ಸೋಸುವ ಸಾಮರ್ಥ್ಯದ ಅಳತೆ) 30ಕ್ಕಿಂತ ಕಡಿಮೆ ಇರುವವರಿಗೆ ಗ್ಯಾಡೋಲಿನಿಯಂ ಕೊಡುವ ನಿರ್ಧಾರ ರೇಡಿಯಾಲಜಿಸ್ಟ್‌ರದ್ದು. ಪೇಸ್‌ಮೇಕರ್ ಇದ್ದರೆ ಆ ಉಪಕರಣದ ಷರತ್ತು ದಾಟುವ ಯಾವ ಬದಲಾವಣೆಯೂ ಬೇಡ. ಗ್ರೇಡಿಯಂಟ್ ಆಂಪ್ಲಿಫೈಯರ್ ಕಪಾಟುಗಳನ್ನು ತೆರೆಯಬೇಡಿ, ಅಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಮೊತ್ತ ತಾಳೆಯಾಗದ ಅಳತೆಯನ್ನು ವರದಿಯಲ್ಲಿ ಹಾಗೆಂದೇ ಬರೆಯಿರಿ: ಎಷ್ಟು ಅಂತರ, ಯಾವ ತಿದ್ದುಪಡಿ ಮಾಡಿದೆ, ಸಿನೆ ಅಥವಾ ಎಕೋ ಏನು ಹೇಳುತ್ತದೆ ಎಂದು. ತಪ್ಪು ಒಂದು ನಿರ್ದಿಷ್ಟ ದಿನದಿಂದ ಎಲ್ಲ ರೋಗಿಗಳಲ್ಲೂ ಶುರುವಾಗಿದ್ದರೆ, ತಂತ್ರಾಂಶ ನವೀಕರಣದ ಅಥವಾ ಗ್ರೇಡಿಯಂಟ್ ದುರಸ್ತಿಯ ನಂತರ ಬಂದಿದ್ದರೆ, ಎಂಜಿನಿಯರ್‌ಗೆ ಕರೆ ಮಾಡಿ. ಕರೆಗೆ ಮುನ್ನ ಇವು ಸಿದ್ಧವಿರಲಿ: ಜೆಲ್ ಫ್ಯಾಂಟಮ್‌ನ ಫೇಸ್ ಚಿತ್ರಗಳು ಮೂರು ದಿಕ್ಕಿನ ಸ್ಲೈಸ್‌ಗಳಲ್ಲಿ, ಕೇಂದ್ರದಲ್ಲೂ ಕೇಂದ್ರದಿಂದ 10 ಸೆಂ.ಮೀ. ದೂರದಲ್ಲೂ, ಪ್ರೋಟೊಕಾಲ್‌ನ ಪೂರ್ಣ ಪ್ರತಿ, ತಪ್ಪಿಗೆ ಮುಂಚಿನ ಇಂಥದೇ ಹಳೆಯ ಫ್ಯಾಂಟಮ್ ಚಿತ್ರ. ಹಳೆಯದು ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ಆದ್ದರಿಂದ ಯಂತ್ರ ಸರಿಯಿರುವಾಗಲೇ ತಿಂಗಳಿಗೊಮ್ಮೆ ತೆಗೆದು ದಿನಾಂಕ ಹಾಕಿ ಇಡಿ.